ಸೆರೆಮನೆಯ ಲೆಕ್ಕ ತಪಾಸಣೆ

ತಪಾಸಣೆಯೆಂದರೆ ಕಡತ ತಿರುವುವುದೆಂದೇ ನಾವು ತಿಳಿದಿರುತ್ತೇವೆ. ಲಂಡನ್ನಿನ ಫ್ಲೀಟ್ ಸೆರೆಮನೆಯ ಕಥೆ ಬೇರೆ. ಅದರ ವಾರ್ಡನ್ ಹುದ್ದೆಯನ್ನು 1728ರಲ್ಲಿ ಥಾಮಸ್ ಬ್ಯಾಂಬ್ರಿಜ್ ಪಾಲುಗಾರನೊಡನೆ 5,000 ಪೌಂಡಿಗೆ ಕೊಂಡಿದ್ದ. ಹಾಕಿದ ಹಣ ಹುಟ್ಟಬೇಕಾದದ್ದು ಕೈದಿಗಳಿಂದ. ಅವರೋ ಬಹುಮಟ್ಟಿಗೆ ಸಾಲ ತೀರಿಸಲಾರದೆ ಒಳಬಂದವರು! ಕೇಳಿದಷ್ಟು ತೆರಲಾರದ ವಾಸ್ತುಶಿಲ್ಪಿ ರಾಬರ್ಟ್ ಕ್ಯಾಸ್ಟೆಲ್‌ನನ್ನು ಸಿಡುಬಿದ್ದ ಮನೆಗೆ ದೂಡಲಾಯಿತು. ಆತ ಅಲ್ಲಿಯೇ ತೀರಿಕೊಂಡ.

ಅವನ ಗೆಳೆಯ, ಪಾರ್ಲಿಮೆಂಟ್ ಸದಸ್ಯ ಜೇಮ್ಸ್ ಓಗಲ್‌ಥಾರ್ಪ್, 1729ರಲ್ಲಿ ತನಿಖಾ ಸಮಿತಿಯೊಡನೆ ಸೆರೆಮನೆಯನ್ನೇ ಹೊಕ್ಕ. ಬ್ಯಾಂಬ್ರಿಜ್ ಹುದ್ದೆ ಕಳೆದುಕೊಂಡ. ಕೊಲೆಯ ಆರೋಪದಿಂದ ಪಾರಾದ. ಶುಲ್ಕದ ಪದ್ಧತಿ ಮಾತ್ರ ಉಳಿಯಿತು. ನಿರ್ದೋಷಿಯೆಂದು ತೀರ್ಪಾದವನೂ ಜೈಲರನಿಗೆ ಹಣ ತೆರದೆ ಹೊರಬರುವಂತಿರಲಿಲ್ಲ. ಜಾನ್ ಹೊವರ್ಡ್ ಊರೂರಿನ ಸೆರೆಮನೆಗಳನ್ನು ಕಣ್ಣಾರೆ ಕಂಡು ಸಾಕ್ಷಿ ನುಡಿದ ಮೇಲೆ, 1774ರ ಕಾಯಿದೆ ಅದನ್ನು ನಿಲ್ಲಿಸಿತು.

ಜೈಲರನ ಲೆಕ್ಕದಲ್ಲಿ ಶುಲ್ಕವೆಲ್ಲ ಜಮೆಯೇ. ಕ್ಯಾಸ್ಟೆಲ್‌ನ ಸಾವನ್ನು ಯಾವ ಕಲಮಿನಲ್ಲಿ ಬರೆಯುತ್ತಿದ್ದೆವು ನಾವು?