ಯಾರು ದಾರಿ ಬಿಡಬೇಕು?

ಜಗತ್ತಿನಲ್ಲಿ ಕೆಟ್ಟ ಚಾಲಕರು ಎಲ್ಲಿದ್ದಾರೆಂದು ಕೇಳಿ ನೋಡಿ. ಯಾವ ದೇಶದವನ ಬೆರಳಾದರೂ ಗಡಿಯ ಆಚೆಗೇ ತೋರುತ್ತದೆ. ಫ್ರೆಂಚರೂ ಡಚ್ಚರೂ ಬೆಲ್ಜಿಯಂನವರನ್ನು ಕುರಿತು ನಗುತ್ತಾರೆ. ಆ ನಗೆ ತೀರ ನಿರಾಧಾರವಾದುದಲ್ಲ. 1960ರ ದಶಕದ ತನಕ ಬೆಲ್ಜಿಯಂನಲ್ಲಿ ಕಾರು ನಡೆಸಲು ಯಾವ ಪರೀಕ್ಷೆಯೂ ಇರಲಿಲ್ಲ. ಇಂಗ್ಲೆಂಡಿನವನು ಇಟಲಿಯ ರಸ್ತೆಗಳನ್ನು ಕಂಡು ಹುಬ್ಬೇರಿಸುತ್ತಾನೆ. ಆದರೆ ಅವನ ದೇಶದಲ್ಲಿ ಚಾಲನಾ ಪರೀಕ್ಷೆ ಕಡ್ಡಾಯವಾದುದು 1935ರಲ್ಲಿ. ಅದಕ್ಕೆ ಮುಂಚೆ ಹದಿನೇಳು ವರ್ಷ ತುಂಬಿ ಐದು ಷಿಲಿಂಗ್ ತೆತ್ತವನೆಲ್ಲ ಸಾರಥಿಯೇ. ಪ್ಯಾರಿಸ್ಸಿನ ಪೊಲೀಸರು ಯೋಗ್ಯತಾಪತ್ರವಿಲ್ಲದೆ ಮೋಟಾರು ನಡೆಸಕೂಡದೆಂದು 1893ರಲ್ಲೇ ಆಜ್ಞೆ ಮಾಡಿದ್ದರು. ಇನ್ನು ನಮ್ಮ ಕಡೆ, ಮೈಸೂರಿನವರು ಬೆಂಗಳೂರಿನವರನ್ನು ಅನ್ನುತ್ತಾರೆ. ಬೆಂಗಳೂರಿನವರು ತಮ್ಮನ್ನು ಬಿಟ್ಟು ಮಿಕ್ಕೆಲ್ಲರನ್ನೂ ಅನ್ನುತ್ತಾರೆ.

ಈ ದೂರು ಮೋಟಾರಿಗಿಂತ ಬಹಳ ಹಳೆಯದು. ಬೈಬಲ್ಲಿನ ಹಳೆಯ ಒಡಂಬಡಿಕೆಯಲ್ಲಿ ಯೇಹು ಎಂಬುವನೊಬ್ಬ ಬರುತ್ತಾನೆ. ಗೋಪುರದ ಮೇಲಿನ ಕಾವಲುಗಾರನಿಗೆ ದೂರದಿಂದ ಅವನ ಮುಖ ಕಾಣುವುದಿಲ್ಲ. ರಥ ಹೊಡೆಯುವ ಹುಚ್ಚು ರಭಸದಿಂದಲೇ ಇವನು ಯೇಹುವಿರಬೇಕೆಂದು ಗುರುತು ಹಿಡಿಯುತ್ತಾನೆ. ಮುಂದೆ ಇಂಗ್ಲಿಷಿನಲ್ಲಿ ಅಡ್ಡಾದಿಡ್ಡಿ ಗಾಡಿ ಹೊಡೆಯುವವನಿಗೆಲ್ಲ ಅದೇ ಹೆಸರಾಯಿತು. ಗ್ರೀಕರ ಈಡಿಪಸ್ ಮೂರು ದಾರಿ ಕೂಡುವೆಡೆಯಲ್ಲಿ ರಥಾರೂಢನಾದ ಒಬ್ಬ ವೃದ್ಧನನ್ನು ಕೊಂದ. ಆ ವೃದ್ಧ ತನ್ನ ತಂದೆಯೆಂಬುದು ಅವನಿಗೆ ತಿಳಿಯದು. ಜಗಳದ ಕಾರಣವೇನೆಂದರೆ, ದಾರಿ ಬಿಡುವವರು ಯಾರು ಎಂಬುದು. ನಮ್ಮ ಮಹಾಭಾರತದ ಕಲ್ಮಾಷಪಾದ ರಾಜನ ಕಥೆಯೂ ಹೀಗೆಯೇ. ಒಬ್ಬರೇ ಹೋಗಬಹುದಾದ ಕಾಡುದಾರಿಯಲ್ಲಿ ವಸಿಷ್ಠರ ಮಗ ಶಕ್ತಿ ಎದುರಾದ. ಇಬ್ಬರೂ ಸರಿಯಲಿಲ್ಲ. ರಾಜ ಚಾಟಿಯಿಂದ ಹೊಡೆದ, ಋಷಿ ಶಪಿಸಿದ; ರಾಜನು ರಾಕ್ಷಸನಾಗಿ ಮೊದಲು ತಿಂದದ್ದು ಶಪಿಸಿದವನನ್ನೇ.

ಜಾತಕ ಕಥೆಗಳಲ್ಲಿ ಮಾತ್ರ ಇಂಥ ಜಗಳವೊಂದು ಚೆನ್ನಾಗಿ ಮುಗಿಯುತ್ತದೆ. ರಾಜೋವಾದ ಜಾತಕವೆಂದು ಅದರ ಹೆಸರು. ಕಾಶಿಯ ಬ್ರಹ್ಮದತ್ತನೂ ಕೋಸಲದ ಮಲ್ಲಿಕನೂ, ತಮ್ಮ ದೋಷಗಳನ್ನು ಎತ್ತಿ ಹೇಳುವವರು ಯಾರಾದರೂ ಸಿಕ್ಕಾರೇ ಎಂದು ಹುಡುಕುತ್ತ, ಬೇರೆಬೇರೆಯಾಗಿ ರಥವೇರಿ ಹೊರಟಿರುತ್ತಾರೆ. ಒಂದು ತಗ್ಗಾದ ಇಕ್ಕಟ್ಟಿನ ದಾರಿಯಲ್ಲಿ ರಥಗಳು ಮುಖಾಮುಖಿಯಾಗುತ್ತವೆ. ಅರಸರಿಬ್ಬರೂ ಸುಮ್ಮನಿದ್ದಾರೆ; ವಾದ ಮಾಡುವವರು ಸಾರಥಿಗಳು. ಕಿರಿಯನು ಹಿರಿಯನಿಗೆ ದಾರಿ ಬಿಡಲಿ ಎಂದರೆ ಇಬ್ಬರ ವಯಸ್ಸೂ ಒಂದೇ. ರಾಜ್ಯದ ವಿಸ್ತಾರ ನೋಡಿದರೆ ಎರಡೂ ಮುನ್ನೂರು ಯೋಜನ. ಕೊನೆಗೆ ಗುಣವನ್ನೇ ಒರೆಗೆ ಹಚ್ಚಿದರು. ನಮ್ಮ ದೊರೆ ಕಠಿಣರಿಗೆ ಕಠಿಣ, ಮೃದುಗಳಿಗೆ ಮೃದು ಎಂದ ಕೋಸಲದವನು. ನಮ್ಮ ದೊರೆ ಕೋಪವನ್ನು ಶಾಂತಿಯಿಂದಲೂ ಕೆಟ್ಟದ್ದನ್ನು ಒಳ್ಳೆಯದರಿಂದಲೂ ಗೆಲ್ಲುತ್ತಾನೆ ಎಂದ ಕಾಶಿಯವನು. ಅಷ್ಟು ಕೇಳಿದ್ದೇ ತಡ, ಮಲ್ಲಿಕ ರಾಜನೂ ಅವನ ಸಾರಥಿಯೂ ಕೆಳಗಿಳಿದು, ಕುದುರೆ ಬಿಚ್ಚಿ, ರಥವನ್ನು ಪಕ್ಕಕ್ಕೆಳೆದು ದಾರಿ ಮಾಡಿಕೊಟ್ಟರು. ತಮ್ಮ ತಪ್ಪನ್ನು ತಿಳಿಯಲೆಂದು ಮನೆಯಿಂದ ಹೊರಟ ಇಬ್ಬರು ಪ್ರಯಾಣಿಕರು ಒಂದೇ ರಸ್ತೆಯಲ್ಲಿ ಎದುರಾದ ಇನ್ನೊಂದು ಪ್ರಸಂಗ ನಾನಂತೂ ಓದಿಲ್ಲ.

ಎಲ್ಲರೂ ಮಲ್ಲಿಕನಲ್ಲವೆಂಬುದನ್ನು ಧರ್ಮಶಾಸ್ತ್ರಕಾರರು ಚೆನ್ನಾಗಿ ಬಲ್ಲರು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯ ಅಪಘಾತಗಳ ವಿಚಾರ ಬರುತ್ತದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಚಕ್ರ ಮುರಿದರೆ ಹೊಡೆಯುವವನಿಗೆ ದಂಡವಿಲ್ಲ. ಆದರೆ ಅವನ ಅಸಾಮರ್ಥ್ಯದಿಂದ ಗಾಡಿ ದಾರಿ ತಪ್ಪಿ ಹಾನಿಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಹೊಡೆಯುವವನು ನಿಪುಣನಾಗಿದ್ದರೆ ದಂಡ ಅವನಿಗೇ. ಇನ್ನೂ ಸ್ವಾರಸ್ಯವಾದುದು ಮುಂದಿದೆ: ಅನಿಪುಣನ ಗಾಡಿಯೆಂದು ಕಂಡೂ ಹತ್ತಿ ಕುಳಿತವರಿಗೆ ತಲೆಗೆ ನೂರು ಪಣ! ಪರವಾನಗಿಯಿಲ್ಲದವನ ಕೈಗೆ ವಾಹನ ಕೊಟ್ಟ ಮಾಲೀಕನನ್ನು ದಂಡಿಸುವ ವಿಧಿ ನಮ್ಮ 1988ರ ಮೋಟಾರು ವಾಹನಗಳ ಕಾಯಿದೆಯಲ್ಲೂ ಇದೆ. ಪ್ರಯಾಣಿಕರ ದಂಡವನ್ನು ಮಾತ್ರ ಉಳಿಸಿಕೊಳ್ಳಲಿಲ್ಲ; ಉಳಿಸಿಕೊಂಡಿದ್ದರೆ ಕೆಲವು ಖಾಸಗಿ ಬಸ್ಸುಗಳಿಗೆ ಜನ ಹತ್ತುತ್ತಿದ್ದರೋ ಇಲ್ಲವೋ.

ಮನುವಿನ ವಿನಾಯಿತಿಗಳಲ್ಲಿ ಒಂದನ್ನು ಬೇಕೆಂದೇ ಬಿಟ್ಟಿದ್ದೇನೆ. ಗಾಡಿಯವನು ‘ಅಪೈಹಿ’, ಎಂದರೆ ‘ಸರಿ ಆಚೆ’ ಎಂದು ಕೂಗಿದ್ದರೆ ಅವನು ನಿರ್ದೋಷಿ. ಕೌಟಿಲ್ಯನೂ ಇದನ್ನು ಒಪ್ಪುತ್ತಾನೆ. ಹಾರನ್ ಬಾರಿಸಿದ ಮೇಲೆ ಹೊಣೆಯೆಲ್ಲ ಎದುರಿಗಿದ್ದವನದು ಎಂಬ ನಮ್ಮ ದೃಢವಾದ ನಂಬಿಕೆಗೆ ಎಷ್ಟು ಹಳೆಯ ಪ್ರಮಾಣ ನೋಡಿ!

ಇಂಗ್ಲೆಂಡಿನ 1865ರ ಕಾನೂನು ಇದಕ್ಕೆ ವಿರುದ್ಧವಾದ ತುದಿಯನ್ನು ಹಿಡಿಯಿತು. ಯಂತ್ರದ ಬಂಡಿ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿ ಮೀರಕೂಡದು. ಅರುವತ್ತು ಗಜ ಮುಂದೆ ಒಬ್ಬನು ಕೆಂಪು ಬಾವುಟ ಹಿಡಿದು ನಡೆಯಬೇಕು. ಬಾವುಟದ ಕಟ್ಟಳೆ 1878ರಲ್ಲಿ ಸಡಿಲವಾಯಿತಾದರೂ ವೇಗದ ಮಿತಿ ಉಳಿಯಿತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ವಾಲ್ಟರ್ ಆರ್ನಲ್ಡ್ ಎಂಬಾತ ಎರಡು ಮೈಲಿಯ ಊರಿನಲ್ಲಿ ಎಂಟು ಮೈಲಿ ವೇಗದಿಂದ ಹೋದ. ಪೊಲೀಸಿನವನು ಸೈಕಲ್ಲೇರಿ ಬೆನ್ನಟ್ಟಿ ಹಿಡಿದ. ಅತಿವೇಗಕ್ಕೆ ಅವನು ತೆತ್ತ ದಂಡ ಒಂದು ಷಿಲಿಂಗ್. ಅದೇ ವರ್ಷದ ಆಗಸ್ಟಿನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಮೋಟಾರಿಗೆ ಸಿಕ್ಕಿ ಸತ್ತಳು.

ಇಲ್ಲಿ ನಗೆ ಸ್ವಲ್ಪ ನಿಲ್ಲುತ್ತದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಯಾವ ವಾಹನವನ್ನೂ ನಡೆಸುತ್ತಿರಲಿಲ್ಲ, ನಡೆದು ಹೋಗುತ್ತಿದ್ದರು. ‘ಅಪೈಹಿ’ ಎಂಬ ಕೂಗು ಅವರಲ್ಲಿ ಬಹುಮಂದಿಯ ಕಿವಿಗೆ ಬಿದ್ದೇ ಇದ್ದೀತು.

ಕೆಟ್ಟ ಸಾರಥ್ಯವು ಒಂದು ಜನಾಂಗದ ರಕ್ತಗುಣವೆಂದು ನಾನು ನಂಬುವುದಿಲ್ಲ. ಅಭ್ಯಾಸವೇ ಅದರ ಮೂಲ. ಅಭ್ಯಾಸ ಬಲವಾದಷ್ಟೂ ಕಣ್ಣು ಕುರುಡು. 1931ರ ಡಿಸೆಂಬರಿನಲ್ಲಿ ವಿನ್‌ಸ್ಟನ್ ಚರ್ಚಿಲ್ ನ್ಯೂಯಾರ್ಕಿನ ಫಿಫ್ತ್ ಅವೆನ್ಯೂವನ್ನು ದಾಟುವಾಗ ತನ್ನ ದೇಶದ ರೂಢಿಯಂತೆ ತಪ್ಪು ದಿಕ್ಕಿಗೆ ನೋಡಿ ಕಾರಿಗೆ ಸಿಕ್ಕಿಬಿದ್ದ. ಬದುಕಿಕೊಂಡ; ತಪ್ಪು ತನ್ನದೇ ಎಂದು ಒಪ್ಪಿಕೊಂಡ.

ಹಾಗಾದರೆ ಇಡೀ ದೇಶದ ಅಭ್ಯಾಸವೇ ಒಂದು ಬೆಳಗ್ಗೆ ತಪ್ಪಿದರೆ? ಸ್ವೀಡನ್ನಿನಲ್ಲಿ ಹಾಗೇ ಆಯಿತು. ಅಲ್ಲಿ ನಮ್ಮಂತೆಯೇ ಎಡಗಡೆ ಚಲಿಸುತ್ತಿದ್ದರು; ನೆರೆಯ ನಾರ್ವೆ, ಫಿನ್ಲೆಂಡುಗಳಲ್ಲಿ ಬಲಗಡೆ. 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ 83 ಮಂದಿ ಬದಲಾವಣೆ ಬೇಡವೆಂದರು. ಸರ್ಕಾರ ಆಮೇಲೆ ಮಾಡಿಯೇಬಿಟ್ಟಿತು! 1967ರ ಸೆಪ್ಟೆಂಬರ್ 3, ಭಾನುವಾರ, ಬೆಳಗಿನ ಜಾವ 4 ಗಂಟೆ 50 ನಿಮಿಷಕ್ಕೆ ರಸ್ತೆಯ ಮೇಲಿದ್ದ ಸಕಲ ವಾಹನಗಳೂ ನಿಂತುವು. ಮೆಲ್ಲಗೆ ಬಲಗಡೆಗೆ ಸರಿದು, ಮತ್ತೆ ನಿಂತು, ಐದು ಹೊಡೆದ ಮೇಲೆ ಹೊರಟುವು. ಎಚ್ಚರಿಕೆಯ ಚಿಹ್ನೆಯನ್ನು ಹಾಲಿನ ಪೊಟ್ಟಣಗಳ ಮೇಲಷ್ಟೇ ಅಲ್ಲ, ಒಳ ಉಡುಪುಗಳ ಮೇಲೂ ಅಚ್ಚುಹಾಕಿಸಿದ್ದರಂತೆ. ಮರುದಿನ ಹೆಣಗಳನ್ನು ಎಣಿಸಬೇಕಾದೀತೆಂದು ಅಂಜಿದವರಿದ್ದರು. ಆದದ್ದು ಬೇರೆ: ಆ ಸೋಮವಾರ ಅಪಘಾತಗಳು ಎಂದಿಗಿಂತ ಕಡಿಮೆ, ಸಾವು ಒಂದೂ ಇಲ್ಲ. ತನ್ನ ಬೀದಿಯಲ್ಲೇ ತಾನು ಪರದೇಶಿಯಾದ ಚಾಲಕ ಎದುರಿನವನಿಗೆಲ್ಲ ಅಂಜಿ ದಾರಿ ಬಿಟ್ಟ. ಈ ವಿನಯ ಬಹುಕಾಲ ಬಾಳಲಿಲ್ಲ. 1969ರ ವೇಳೆಗೆ ಬಲಗಡೆಯೂ ರೂಢಿಯಾಗಿ, ಅಪಘಾತಗಳು ಹಳೆಯ ಲೆಕ್ಕಕ್ಕೇ ಬಂದು ನಿಂತುವು.

ನಾನೂ ಒಮ್ಮೆ ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ರಸ್ತೆ ದಾಟಲೆಂದು, ಚರ್ಚಿಲ್ಲರಂತೆಯೇ ತಪ್ಪು ದಿಕ್ಕಿಗೆ ನೋಡಿ, ಕೆಳಗೆ ಕಾಲಿಟ್ಟೆ. ಎಡಗಡೆಯಿಂದ ಬಂದ ಕಾರು ಮಾರು ದೂರದಲ್ಲಿ ನಿಂತಿತು. ಒಳಗಿದ್ದ ಹೆಂಗಸು ದಾಟಿ ಎಂದು ಕೈಸನ್ನೆ ಮಾಡಿದಳು. ಕಾರು ಮನುಷ್ಯನಿಗಾಗಿ ನಿಂತೀತೆಂಬ ನಂಬಿಕೆ ನನಗಿಲ್ಲ. ತಾವೇ ಮೊದಲು ಹೋಗಿ ಎಂದು ನಾನೂ ಕೈಸನ್ನೆ ಮಾಡಿದೆ. ಅವಳು ಮತ್ತೆ ಮಾಡಿದಳು, ನಾನೂ ಮತ್ತೆ ಮಾಡಿದೆ. ಹೀಗೆ ಬ್ರಹ್ಮದತ್ತ ಮಲ್ಲಿಕರಂತೆ ನಾವಿಬ್ಬರೂ ನಿಂತಿದ್ದಾಗ ಹಿಂದಿನ ಕಾರಿನವನು ತಾಳ್ಮೆಗೆಟ್ಟು ಹಾರನ್ ಬಾರಿಸಿದ. ಆ ದೇಶಕ್ಕೆ ಹೋಗಿ ಮೂರು ವಾರವಾಗಿತ್ತು. ಆ ಸದ್ದು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಊರಿನ ನೆನಪಾಗಿ, ತಟ್ಟನೆ ದಾಟಿಬಿಟ್ಟೆ.