ಅಂಟು, ಬಣ್ಣ ಮತ್ತು ಒಂದು ಮರದ ವಿಮಾನ

ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಕೊಂಬೆಗೆ ಹೀಚುಕಾಯಿ ಕಚ್ಚಿಕೊಂಡ ಹಾಗೆ ಒಂದೊಂದು ಚೌಕಟ್ಟಿಗೂ ಹತ್ತಾರು ಬಿಡಿಭಾಗಗಳು ಅಂಟಿಕೊಂಡಿವೆ. ಎರಡು ಎಂಜಿನ್‌ಗಳ ಹೊದಿಕೆ, ಎರಡು ಪ್ರೊಪೆಲರ್, ಬೆರಳ ತುದಿಯಲ್ಲಿ ಕೂರುವಷ್ಟು ಪುಟ್ಟ ಆಸನಗಳು, ಉಗುರಿನಷ್ಟಗಲದ ಚಕ್ರಗಳು. ಇವುಗಳ ನಡುವೆ ವಿಮಾನದ ಒಡಲು. ಅದು ಮಾತ್ರ ಉದ್ದುದ್ದ ಸೀಳಿದ ಹಲಸಿನ ತೊಳೆಯಂತೆ ಎಡ ಬಲ ಎರಡು ಹೋಳುಗಳಾಗಿ ಬಂದಿರುತ್ತದೆ. ಕೊಂಡವನು ಇವನ್ನೆಲ್ಲ ಕತ್ತರಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಎರಡನೆಯ ಮಹಾಯುದ್ಧದ ಬ್ರಿಟಿಷ್ ವಿಮಾನ ಮಾಸ್ಕಿಟೊ ಅಂಗೈ ಮೇಲೆ ನಿಲ್ಲುತ್ತದೆ.

ಜೊತೆಯಲ್ಲಿ ಬರುವ ಹಾಳೆಯಲ್ಲಿ ಯಾವ ಭಾಗಕ್ಕೆ ಯಾವ ಬಣ್ಣ ಎಂಬ ಸೂಚನೆ ಇರುತ್ತದೆ. ಯೂರೋಪಿನ ಆಕಾಶದಲ್ಲಿ ಹಾರಿದ ವಿಮಾನವಾದರೆ ಮೇಲೆ ಹಸಿರು ಮತ್ತು ಬೂದಿಯ ಪಟ್ಟೆ, ಕೆಳಗೆ ತಿಳಿ ಬೂದಿ. ಕೆಲವು ಕಿಟ್‌ಗಳಲ್ಲಿ ಇನ್ನೊಂದು ಆಯ್ಕೆಯೂ ಇರುತ್ತದೆ. 1945ರಲ್ಲಿ ಬರ್ಮಾದ ಮೇಲೆ ಹಾರಿದ ಮಾಸ್ಕಿಟೊ ಬೇಕೆಂದರೆ ಇಡೀ ವಿಮಾನಕ್ಕೆ ಬೆಳ್ಳಿ ಬಣ್ಣ. ವೈರಿಯ ಕಣ್ಣಿಗೆ ಬೀಳದಿರಲಿ ಎಂದು ತಾನೆ ಯುದ್ಧವಿಮಾನಕ್ಕೆ ಬಣ್ಣ ಬಳಿಯುವುದು? ಹಾಗಿರುವಾಗ ಬಿಸಿಲಿನಲ್ಲಿ ಫಳಫಳನೆ ಹೊಳೆಯುವ ಬೆಳ್ಳಿಯೇಕೆ? ಸೂಚನೆಯ ಹಾಳೆ ಕಾರಣ ಹೇಳುವುದಿಲ್ಲ. ಆ ಕಾರಣದಲ್ಲಿ ಭಾರತದ ಮಳೆಗಾಲವಿದೆ, ಇಂಗ್ಲೆಂಡಿನ ಕಾರ್ಖಾನೆಯ ಅಂಟಿದೆ, ಪ್ರಾಣ ತೆತ್ತ ವೈಮಾನಿಕರಿದ್ದಾರೆ. ಅದಕ್ಕೆ ಬರುವ ಮುನ್ನ ಈ ಪುಟ್ಟ ವಿಮಾನಗಳ ವಂಶಾವಳಿಯನ್ನು ಸ್ವಲ್ಪ ನೋಡಬೇಕು.

ಮಾದರಿ ವಿಮಾನಗಳಲ್ಲಿ ಬಹಳ ಬಳಕೆಯಲ್ಲಿರುವ ಪ್ರಮಾಣ 1:72. ಎಂದರೆ ನಿಜವಾದ ವಿಮಾನದ 72 ಅಂಗುಲ ಇಲ್ಲಿ ಒಂದು ಅಂಗುಲ; ಆರಡಿ ಆಳು ಒಂದಂಗುಲದ ಗೊಂಬೆ. ಅಡಿ ಅಂಗುಲಗಳ ಲೆಕ್ಕದಲ್ಲಿ ಬೆಳೆದ ಇಂಗ್ಲೆಂಡಿಗೆ ಇದು ಬಲು ಸುಲಭದ ಗಣಿತ. 1932ರಲ್ಲಿ ಅಲ್ಲಿ ‘ಸ್ಕೈಬರ್ಡ್ಸ್’ ಎಂಬ ಹೆಸರಿನ ಮರದ ಕಿಟ್‌ಗಳು ಈ ಪ್ರಮಾಣದಲ್ಲಿ ಮಾರಾಟಕ್ಕೆ ಬಂದವು. ನಾಲ್ಕು ವರ್ಷಗಳ ನಂತರ, 1936ರಲ್ಲಿ, ಫ್ರಾಗ್ ಕಂಪನಿ ಪ್ಲಾಸ್ಟಿಕ್ಕಿನ ಮಾದರಿಗಳನ್ನು ತಂದಿತು. ಈ ಕಂಪನಿಯ ಇತರ ಆಟಿಕೆ ವಿಮಾನಗಳು ನಿಜಕ್ಕೂ ಹಾರುತ್ತಿದ್ದವು. ಹೊಸವು ಹಾರುವಂಥವಲ್ಲ. ಆದ್ದರಿಂದ ಅವಕ್ಕೆ ಹಾರಲಾರದ ಹಕ್ಕಿಯ ಹೆಸರನ್ನೇ ಇಟ್ಟರು: ಪೆಂಗ್ವಿನ್.

ಅಷ್ಟರಲ್ಲಿ ಯುದ್ಧ ಬಂತು, ಆಟಿಕೆಗೆ ಕೆಲಸ ಸಿಕ್ಕಿತು. ಮೋಡದ ಮರೆಯಿಂದ ಹೊರಬಂದ ವಿಮಾನ ನಮ್ಮದೋ ವೈರಿಯದೋ ಎಂದು ಕ್ಷಣಾರ್ಧದಲ್ಲಿ ತೀರ್ಮಾನಿಸಬೇಕು. ಎರಡು ಎಂಜಿನ್‌ಗಳ ವಿಮಾನಗಳಲ್ಲಂತೂ ಗೊಂದಲವೋ ಗೊಂದಲ. ಬ್ರಿಟನ್ನಿನ ಬ್ಲೆನ್‌ಹೈಮ್ ಮತ್ತು ಜರ್ಮನಿಯ ಯುಂಕರ್ಸ್ 88 ದೂರದಿಂದ ಅಣ್ಣತಮ್ಮಂದಿರ ಹಾಗೆ ಕಾಣುತ್ತಿದ್ದವು. 1940ರ ಆಗಸ್ಟ್ 24ರಂದು ಬ್ರಿಟನ್ನಿನ ರಕ್ಷಣೆಗೆಂದೇ ಬಂದಿದ್ದ ಕೆನಡಾದ ಹರಿಕೇನ್ ವಿಮಾನಗಳು ಬ್ರಿಟಿಷರದೇ ಒಂದು ಬ್ಲೆನ್‌ಹೈಮನ್ನು ಜರ್ಮನ್ ವಿಮಾನವೆಂದು ಬಗೆದು ಹೊಡೆದುರುಳಿಸಿದವು. ಇಂಥ ತಪ್ಪು ತಪ್ಪಿಸಲು ಸೈನಿಕರಿಗೆ, ಆಕಾಶ ಕಾಯುವ ಸ್ವಯಂಸೇವಕರಿಗೆ ಮಾದರಿಗಳನ್ನು ತೋರಿಸಿ ಪಾಠ ಹೇಳಲಾಯಿತು. 1:72ರ ಮಾದರಿಯನ್ನು ಹತ್ತು ಮೀಟರ್ ದೂರದಲ್ಲಿ ತೂಗುಹಾಕಿದರೆ ನಿಜವಾದ ವಿಮಾನವನ್ನು 720 ಮೀಟರ್ ದೂರದಿಂದ ಕಂಡಂತೆ ಆಗುತ್ತದೆ. 1942ರಲ್ಲಿ ಅಮೆರಿಕದ ನೌಕಾಪಡೆ ಇದೇ ಪ್ರಮಾಣದ 5 ಲಕ್ಷ ಮರದ ಮಾದರಿಗಳನ್ನು ಮಾಡಿಕೊಡಿ ಎಂದು ಶಾಲಾ ಮಕ್ಕಳನ್ನು ಕೇಳಿಕೊಂಡಿತು. ಅವಕ್ಕೆಲ್ಲ ಒಂದೇ ಬಣ್ಣ, ಕಪ್ಪು. ಆಕಾರವೊಂದೇ ಮುಖ್ಯವಾಗಿದ್ದ ಕಾಲ ಅದು.

ಬಣ್ಣದ ಗೀಳು ಹತ್ತಿದ್ದು ಶಾಂತಿ ಮರಳಿದ ಮೇಲೆ. ಹಂಗೆರಿಯಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ನಿಕೋಲಸ್ ಕೋವ್ 1939ರಲ್ಲಿ ಏರ್‌ಫಿಕ್ಸ್ ಕಂಪನಿಯನ್ನು ಶುರುಮಾಡಿದಾಗ ತಯಾರಿಸುತ್ತಿದ್ದುದು ಗಾಳಿ ತುಂಬುವ ರಬ್ಬರ್ ಆಟಿಕೆಗಳನ್ನು. ಯುದ್ಧದ ನಂತರ ಪ್ಲಾಸ್ಟಿಕ್ ಬಾಚಣಿಗೆಗೆ ಇಳಿದರು. ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸುವ ಯಂತ್ರಕ್ಕೆ ಬಾಚಣಿಗೆಯಾದರೇನು, ವಿಮಾನದ ರೆಕ್ಕೆಯಾದರೇನು? 1953ರಲ್ಲಿ ಅವರ ಮೊದಲ ವಿಮಾನ, ಒಂಟಿ ಎಂಜಿನ್ನಿನ ಸ್ಪಿಟ್‌ಫೈರ್, ವೂಲ್‌ವರ್ತ್ಸ್ ಅಂಗಡಿಗಳಲ್ಲಿ ಎರಡು ಶಿಲಿಂಗಿಗೆ ಸಿಕ್ಕತೊಡಗಿತು. ಯುದ್ಧ ಮುಗಿದು ಆಗಿನ್ನೂ ಎಂಟು ವರ್ಷ. ಕೊಂಡ ಹುಡುಗರಲ್ಲಿ ಎಷ್ಟೋ ಮಂದಿಯ ಅಪ್ಪಂದಿರು ಆ ವಿಮಾನಗಳನ್ನು ಹಾರಿಸಿದವರು, ರಿಪೇರಿ ಮಾಡಿದವರು, ಇಲ್ಲವೇ ಕೆಳಗೆ ನಿಂತು ಎಣಿಸಿದವರು. ಸ್ಪಿಟ್‌ಫೈರ್ ಹಿಂದೆಯೇ ಎರಡು ಎಂಜಿನ್‌ಗಳವೂ ಬಂದವು. ಮಾಸ್ಕಿಟೊವನ್ನು ಅಂದಿನಿಂದ ಇಂದಿನವರೆಗೆ ಬೇರೆ ಬೇರೆ ಕಂಪನಿಗಳು ಮತ್ತೆ ಮತ್ತೆ ಅಚ್ಚುಹಾಕಿವೆ. ಜಪಾನಿನ ತಮಿಯಾ 1998ರಲ್ಲಿ 1:48ರಲ್ಲಿ, 2015ರಲ್ಲಿ 1:32ರಲ್ಲಿ ತಂದಿತು. ಏರ್‌ಫಿಕ್ಸ್ 2009ರಲ್ಲಿ ತಂದ 1:24ರ ಮಾದರಿಯ ಬಿಡಿಭಾಗಗಳೇ 600ಕ್ಕೂ ಹೆಚ್ಚು. ಅದನ್ನು ಕಟ್ಟುವುದು ಆಟವಲ್ಲ, ಸಣ್ಣದೊಂದು ಸಂಸಾರ ನಡೆಸಿದಂತೆ.

ಎರಡು ಎಂಜಿನ್‌ಗಳ ಮಾದರಿ ಕಟ್ಟುವವನಿಗೆ ಕಷ್ಟವೂ ಎರಡರಷ್ಟು. ಎಡಗಡೆ ಮಾಡಿದ್ದನ್ನೆಲ್ಲ ಬಲಗಡೆ ತಪ್ಪದೆ ಮತ್ತೆ ಮಾಡಬೇಕು. ಒಂದು ಎಂಜಿನ್ ಕೂದಲೆಳೆಯಷ್ಟು ತಲೆ ತಗ್ಗಿಸಿದರೂ ಮುಂದಿನಿಂದ ನೋಡಿದಾಗ ವಿಮಾನಕ್ಕೆ ಮೆಳ್ಳೆಗಣ್ಣು ಬಂದಂತೆ ಕಾಣುತ್ತದೆ. ಎರಡು ರೆಕ್ಕೆಗಳೂ ನೆಲದಿಂದ ಒಂದೇ ಎತ್ತರದಲ್ಲಿರಬೇಕು. ಅಂಟು ಒಣಗುವ ತನಕ ಬೆಂಕಿಪೆಟ್ಟಿಗೆಯನ್ನೋ ಪುಸ್ತಕವನ್ನೋ ಆನಿಸಿ ಕಾಯಬೇಕು. ಈ ಅಂಟು ಕಾಗದದ ಗೋಂದಿನ ಜಾತಿಯದಲ್ಲ. ಅದು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಒಂದಿಷ್ಟು ಕರಗಿಸಿ ಎರಡು ಭಾಗಗಳನ್ನು ಒಂದಾಗಿ ಬೆಸೆಯುತ್ತದೆ. ಹೆಚ್ಚಾದರೆ ಇಡೀ ಭಾಗವೇ ಕರಗಿ ಕೆಡುತ್ತದೆ, ಕಡಿಮೆಯಾದರೆ ಬಿರುಕು ಬಿಡುತ್ತದೆ. ಒಡಲಿನ ಎರಡು ಹೋಳುಗಳನ್ನು ಕೂಡಿಸುವ ಮೊದಲೇ ಚಾಲಕನ ಕೋಣೆಗೆ ಬಣ್ಣ ಬಳಿದು, ಅಕ್ಕಪಕ್ಕದ ಎರಡು ಆಸನಗಳನ್ನು ಕೂರಿಸಿಬಿಡಬೇಕು. ಮುಚ್ಚಿದ ಮೇಲೆ ಒಳಗೆ ಕೈ ಹೋಗುವುದಿಲ್ಲ.

ಸ್ವಾರಸ್ಯವಿರುವುದು ಇಲ್ಲೇ. ನಿಜವಾದ ಮಾಸ್ಕಿಟೊವನ್ನು ಕಟ್ಟಿದ್ದೂ ಹೆಚ್ಚುಕಡಿಮೆ ಹೀಗೆಯೇ.

ಯುದ್ಧಕಾಲದಲ್ಲಿ ಅಲ್ಯೂಮಿನಿಯಂಗೆ ಬರ ಬಂದೀತು, ಆದರೆ ಬಡಗಿಗಳಿಗೆ ಬರವಿಲ್ಲ ಎಂಬುದು ಡಿ ಹ್ಯಾವಿಲೆಂಡ್ ಕಂಪನಿಯ ಲೆಕ್ಕಾಚಾರ. ಎರಡು ಮರ್ಲಿನ್ ಎಂಜಿನ್, ಇಬ್ಬರೇ ಸಿಬ್ಬಂದಿ, ಬಂದೂಕೇ ಇಲ್ಲದ ಬಾಂಬರ್; ವೇಗವೇ ಅದರ ರಕ್ಷಣೆ. ಮರದ ವಿಮಾನದ ಕಾಲ ಮುಗಿಯಿತೆಂದು ನಂಬಿದ್ದ ಅಧಿಕಾರಿಗಳು ಮೂಗು ಮುರಿದರು. ಬೆಂಬಲಕ್ಕೆ ನಿಂತ ಸರ್ ವಿಲ್‌ಫ್ರಿಡ್ ಫ್ರೀಮನ್ನರ ಹೆಸರು ಸೇರಿಸಿ ‘ಫ್ರೀಮನ್ನನ ಹುಚ್ಚಾಟ’ ಎಂದು ಗೇಲಿ ಮಾಡಿದ್ದೂ ಉಂಟು. 1940ರ ನವೆಂಬರ್ 25ರಂದು ಹಳದಿ ಬಣ್ಣದ ಮೊದಲ ಮಾಸ್ಕಿಟೊ ಹ್ಯಾಟ್‌ಫೀಲ್ಡ್‌ನಲ್ಲಿ ಮೇಲೇರಿತು. ಪರೀಕ್ಷೆಗಳಲ್ಲಿ ಅದು ಗಂಟೆಗೆ 600 ಕಿ.ಮೀ. ದಾಟಿದಾಗ ಗೇಲಿ ಮಾಡಿದವರು ಮಾತು ಬದಲಿಸಿದರು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಒಟ್ಟು 7,781 ಮಾಸ್ಕಿಟೊಗಳು ತಯಾರಾದವು. ಮೇಜು ಕುರ್ಚಿ ಮಾಡುತ್ತಿದ್ದ ಕಾರ್ಖಾನೆಗಳಿಂದ ಅದರ ಭಾಗಗಳು ಬಂದವು.

ಒಡಲಿನ ಗೋಡೆ ಎಂದರೆ ಎರಡು ಪದರ ಬರ್ಚ್ ಪ್ಲೈವುಡ್, ನಡುವೆ ಹಗುರವಾದ ಬಾಲ್ಸಾ ಮರ. ಇವನ್ನು ಅಚ್ಚಿನ ಮೇಲೆ ಬಾಗಿಸಿ, ಅಂಟು ಹಚ್ಚಿ, ಬಿಗಿದು ಕಟ್ಟಿ ಒಣಗಿಸುತ್ತಿದ್ದರು. ಹೀಗೆ ಎಡ ಹೋಳು ಒಂದು, ಬಲ ಹೋಳು ಒಂದು. ತಂತಿ, ಕೊಳವೆ, ಸಲಕರಣೆಗಳನ್ನು ತೆರೆದ ಹೋಳುಗಳಲ್ಲೇ ಜೋಡಿಸಿ, ಆಮೇಲೆ ಎರಡನ್ನೂ ಕೂಡಿಸಿ ಅಂಟಿಸುತ್ತಿದ್ದರು. ಅಂಟು ಮೊದಮೊದಲು ಹಾಲಿನಿಂದ ತೆಗೆದ ಕೇಸೀನ್, ಮುಂದೆ ಯೂರಿಯಾ ಫಾರ್ಮಾಲ್ಡಿಹೈಡ್. ಕೊನೆಗೆ ಮರದ ಮೈಗೆ ತೆಳು ಹತ್ತಿಬಟ್ಟೆ ಹೊದಿಸಿ ಮೇಲೆ ದ್ರಾವಣ ಬಳಿದು ಬಿಗಿಗೊಳಿಸುತ್ತಿದ್ದರು. ಆ ಬಟ್ಟೆಯ ಹೆಸರು ಮಡಪೋಲಂ. ಹೆಸರು ಬಂದದ್ದು ಆಂಧ್ರದ ಗೋದಾವರಿ ತೀರದಲ್ಲಿ, ನರಸಾಪುರದ ಹತ್ತಿರ, ಈಸ್ಟ್ ಇಂಡಿಯಾ ಕಂಪನಿ ಬಟ್ಟೆಯ ವ್ಯಾಪಾರ ನಡೆಸುತ್ತಿದ್ದ ಊರಿನಿಂದ.

ಮಾದರಿ ಕಟ್ಟುವವರ ಒಂದು ಚಪಲಕ್ಕೆ ಈ ಬಟ್ಟೆ ಅಡ್ಡಿಯಾಗುತ್ತದೆ. ಲೋಹದ ವಿಮಾನಗಳ ಮೈಮೇಲೆ ತಗಡು ತಗಡು ಕೂಡುವ ಗೆರೆಗಳಿರುತ್ತವೆ. ಆ ಗೆರೆಗಳಲ್ಲಿ ಕಪ್ಪು ಬಣ್ಣ ಇಳಿಸಿ ಎದ್ದುಕಾಣುವಂತೆ ಮಾಡುವುದು ಹವ್ಯಾಸಿಗಳಿಗೆ ಬಲು ಪ್ರಿಯ. ಆದರೆ ಮಾಸ್ಕಿಟೊದ ಮೈ ನುಣುಪು. ಅಲ್ಲಿ ತಗಡೂ ಇಲ್ಲ, ರಿವೆಟ್ಟಿನ ಸಾಲೂ ಇಲ್ಲ. ಬಾಗಿಲು, ಮುಚ್ಚಳ, ಎಂಜಿನ್ ಹೊದಿಕೆ ಬಿಟ್ಟರೆ ಉಳಿದೆಡೆ ಎಳೆದ ಗೆರೆ ಚಂದ ಕಂಡೀತು, ಸುಳ್ಳಾಗುತ್ತದೆ.

ಇನ್ನು ಬೆಳ್ಳಿ ಬಣ್ಣದ ಮಾತು. 1944ರ ಫೆಬ್ರವರಿಯಲ್ಲಿ ಬ್ರಿಟಿಷ್ ವಾಯುಪಡೆಯ 45ನೇ ಸ್ಕ್ವಾಡ್ರನ್ ತನ್ನ ಹಳೆಯ ವೆಂಜೆನ್ಸ್ ವಿಮಾನಗಳನ್ನು ಬಿಟ್ಟು ಮಾಸ್ಕಿಟೊ ಹಾರಿಸಲು ಕಲಿತದ್ದು ಬೆಂಗಳೂರಿನ ಪಕ್ಕದ ಯಲಹಂಕದಲ್ಲಿ. ಇಂದು ವೈಮಾನಿಕ ಪ್ರದರ್ಶನಕ್ಕೆ ಜನ ಸೇರುವುದೂ ಅದೇ ಯಲಹಂಕದಲ್ಲಿ. ಬರ್ಮಾದಲ್ಲಿದ್ದ ಜಪಾನಿ ಪಡೆಗಳ ಮೇಲೆ ದಾಳಿ ಮಾಡಲು ಇನ್ನಷ್ಟು ಸ್ಕ್ವಾಡ್ರನ್‌ಗಳಿಗೆ ಈ ವಿಮಾನ ಕೊಡುವ ಯೋಜನೆ ಇತ್ತು. ಅಷ್ಟರಲ್ಲಿ ಆ ವರ್ಷದ ಮಳೆಗಾಲ ಮುಗಿಯುತ್ತಿದ್ದಂತೆ ಮಾಸ್ಕಿಟೊಗಳು ಆಕಾಶದಲ್ಲೇ ಮುರಿದು ಬೀಳತೊಡಗಿದವು. ರೆಕ್ಕೆಯ ಮೇಲುಹೊದಿಕೆ ಒಳಗಿನ ಮುಖ್ಯ ತೊಲೆಯಿಂದ ಬಿಟ್ಟುಕೊಂಡು ಏಳುತ್ತಿತ್ತು. ನವೆಂಬರ್‌ನಲ್ಲಿ ಹಾರಾಟಕ್ಕೆ ತಡೆ ಬಿತ್ತು.

ತನಿಖೆಗೆ ಇಂಗ್ಲೆಂಡಿನಿಂದ ಬಂದ ತಂಡದ ಮುಖ್ಯಸ್ಥರು ಮೇಜರ್ ಹಿಯರ್‌ವರ್ಡ್ ಡಿ ಹ್ಯಾವಿಲೆಂಡ್, ಕಂಪನಿಯ ಸ್ಥಾಪಕರ ತಮ್ಮ. ಅಂಟು ಕೆಟ್ಟಿಲ್ಲ, ಮಳೆಗಾಲದ ತೇವದಲ್ಲಿ ಮರದ ಅಳತೆಯೇ ವ್ಯತ್ಯಾಸವಾದದ್ದು ಕಾರಣ ಎಂದು ಡಿಸೆಂಬರ್ ಮೊದಲಲ್ಲಿ ಅವರು ವರದಿ ಕೊಟ್ಟರು. ಮೇಲುನೋಟಕ್ಕೆ ಒಪ್ಪುವ ಮಾತೇ. ಮಳೆಗಾಲದಲ್ಲಿ ಬಾಗಿಲು ಉಬ್ಬಿ ಚೌಕಟ್ಟಿಗೆ ಕೂರದಿರುವುದು ನಮ್ಮ ಮಲೆನಾಡಿನ ಯಾವ ಮನೆಗೆ ಗೊತ್ತಿಲ್ಲ? ಆದರೆ ಮುಂದಿನ ವಿಚಾರಣೆಗಳು ಬೇರೆಯೇ ಕಥೆ ಹೇಳಿದವು. ಇಂಗ್ಲೆಂಡಿನಲ್ಲಿ ವಿಮಾನೋತ್ಪಾದನಾ ಸಚಿವಾಲಯದವರು ಪರೀಕ್ಷಿಸಿದ ಮಾಸ್ಕಿಟೊಗಳಲ್ಲೂ ಅಂಥದೇ ದೋಷ ಸಿಕ್ಕಿತು. ಅವು ಭಾರತದ ಮಳೆಯನ್ನು ಕಂಡೇ ಇರಲಿಲ್ಲ, ಗೆದ್ದಲೂ ಅವನ್ನು ಮುಟ್ಟಿರಲಿಲ್ಲ. ಹ್ಯಾಟ್‌ಫೀಲ್ಡ್ ಮತ್ತು ಲೀವ್ಸ್‌ಡನ್ ಕಾರ್ಖಾನೆಗಳಲ್ಲಿ ಭಾಗಗಳನ್ನು ಸರಿಯಾಗಿ ಕೂಡಿಸಿರಲಿಲ್ಲ, ಅಂಟಿಸಿದ ಕೆಲಸ ಕಳಪೆಯಾಗಿತ್ತು ಎಂದು ಅವರು ತೀರ್ಮಾನಿಸಿದರು. ಅವಸರದ ಕೆಲಸದ ಅಪವಾದವನ್ನು ಅಷ್ಟು ಕಾಲ ಹೊತ್ತದ್ದು ನಮ್ಮ ಮುಂಗಾರು.

ರೆಕ್ಕೆಯ ಉದ್ದಕ್ಕೂ ಸಂದಿನ ಮೇಲೆ ಪ್ಲೈವುಡ್ಡಿನ ಪಟ್ಟಿ ಹಾಕಿ ಮುಚ್ಚುವ ದುರಸ್ತಿ ನಡೆಯಿತು. ಅದರೊಂದಿಗೆ ಬಂದದ್ದು ಬೆಳ್ಳಿ ಬಣ್ಣ. ಕಡು ಹಸಿರು ಬಿಸಿಲನ್ನು ಹೀರಿ ಮರವನ್ನೂ ಅಂಟನ್ನೂ ಕಾಯಿಸುತ್ತದೆ, ಅಲ್ಯೂಮಿನಿಯಂ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ವೈರಿಯ ಕಣ್ಣಿಗಿಂತ ಸೂರ್ಯನ ಭಯ ಹೆಚ್ಚಾಗಿತ್ತು ಎನ್ನಬೇಕು. ರೆಕ್ಕೆ ಬಾಲಗಳ ಮೇಲೆ ಗುರುತಿಗೆ ಕಡುಬಣ್ಣದ ಪಟ್ಟಿ. ಬ್ರಿಟಿಷ್ ವಿಮಾನಗಳ ವೃತ್ತಚಿಹ್ನೆಯ ನಡುವಿನ ಕೆಂಪು ಬೊಟ್ಟು ಈ ರಂಗದಲ್ಲಿ ಅದಕ್ಕೆ ಮುಂಚೆಯೇ ಮಾಯವಾಗಿತ್ತು. ಜಪಾನಿನ ಕೆಂಪು ಸೂರ್ಯನೆಂದು ಯಾರಾದರೂ ತಪ್ಪು ತಿಳಿದಾರೆಂದು ಕಡು ನೀಲಿ, ತಿಳಿ ನೀಲಿ ಎರಡನ್ನೇ ಉಳಿಸಿಕೊಂಡಿದ್ದರು.

ಮಾದರಿಗೆ ಈ ಬಣ್ಣ ಬಳಿಯುವುದು ಹಸಿರು ಬೂದಿಗಿಂತ ಕಷ್ಟ. ಪಟ್ಟೆ ಪಟ್ಟೆಯ ಬಣ್ಣ ಸಣ್ಣಪುಟ್ಟ ದೋಷ ನುಂಗಿಕೊಳ್ಳುತ್ತದೆ. ಬೆಳ್ಳಿಗೆ ಆ ಔದಾರ್ಯವಿಲ್ಲ. ಒಡಲಿನ ಬೆನ್ನ ಮೇಲೆ ಎರಡು ಹೋಳು ಕೂಡಿದ ಜಾಗದಲ್ಲಿ ಒಂದು ಗೀರು ಉಳಿದಿದ್ದರೂ ದೀಪದ ಕೆಳಗೆ ಹಿಡಿದಾಗ ಅದು ಎದ್ದು ಬರುತ್ತದೆ. ಬಲ್ಲವರು ಮೊದಲು ಬೂದು ಬಣ್ಣದ ತೆಳು ಪದರ ಹಾಕಿ, ಸಂದನ್ನು ಬೆರಳಿನಿಂದ ಸವರಿ ನೋಡಿ, ಬೇಕಾದರೆ ಮತ್ತೆ ತುಂಬಿ ಉಜ್ಜಿ, ಆಮೇಲೆ ಬೆಳ್ಳಿಗೆ ಕೈ ಹಾಕುತ್ತಾರೆ.

ಯುದ್ಧ ಮುಗಿದ ಮೇಲೆ ಮರದ ವಿಮಾನಗಳು ಬೇಗ ಹಾಳಾದವು. ಕರಗಿಸಿ ಮಾರಲು ಲೋಹವಿಲ್ಲ, ನೆನೆದರೆ ಕೊಳೆಯುತ್ತವೆ. ಹಾರುವ ಸ್ಥಿತಿಯಲ್ಲಿ ಬ್ರಿಟನ್ನಿನಲ್ಲಿ ಉಳಿದಿದ್ದ ಒಂದು 1996ರ ಜುಲೈಯಲ್ಲಿ ಪ್ರದರ್ಶನವೊಂದರಲ್ಲಿ ಬಿದ್ದು ಇಬ್ಬರೂ ಸತ್ತರು. ಆಮೇಲೆ ಹದಿನಾರು ವರ್ಷ ಜಗತ್ತಿನ ಆಕಾಶದಲ್ಲಿ ಮಾಸ್ಕಿಟೊ ಇರಲಿಲ್ಲ. ಇದ್ದದ್ದು ಮ್ಯೂಸಿಯಂಗಳಲ್ಲಿ ಮತ್ತು ಮಾದರಿ ಕಟ್ಟುವವರ ಗಾಜಿನ ಕಪಾಟುಗಳಲ್ಲಿ. ನ್ಯೂಜಿಲೆಂಡಿನ ಗ್ಲಿನ್ ಪೊವೆಲ್ ವರ್ಷಗಟ್ಟಲೆ ಶ್ರಮಿಸಿ ಒಡಲಿನ ಅಚ್ಚುಗಳನ್ನು ಹೊಸದಾಗಿ ಮಾಡಿದರು. ಕೆನಡಾದಲ್ಲಿ ತಯಾರಾಗಿದ್ದ ಕೆಎ 114 ಎಂಬ ವಿಮಾನಕ್ಕೆ ಆ ಅಚ್ಚುಗಳ ಮೇಲೆ ಹೊಸ ಮರದ ಒಡಲು ಸಿದ್ಧವಾಯಿತು, ಎಡ ಹೋಳು ಒಂದು, ಬಲ ಹೋಳು ಒಂದು. 2012ರ ಸೆಪ್ಟೆಂಬರ್ 27ರಂದು ಆಕ್ಲೆಂಡ್ ಬಳಿಯ ಆರ್ಡ್‌ಮೋರ್‌ನಲ್ಲಿ ಅದು ನೆಲ ಬಿಟ್ಟು ಮೇಲೇರಿತು.