ರೈನ್ ನದಿಯ ಯಾವ ದಡ?

ಇಕಾಮಾ, ಅಂದರೆ ವಾಸದ ಪರವಾನಗಿ, ನವೀಕರಣವಾಗದೆ ಕೊಲ್ಲಿಯಿಂದ ಮರಳಿದವರ ಕಥೆ ಮಂಗಳೂರಿನವರಿಗೆ ಹೊಸದಲ್ಲ. ಆದರೆ ಸುಮಾರು ನೂರಹತ್ತು ವರ್ಷಗಳ ಹಿಂದೆ ಇದೇ ಊರಿನಲ್ಲಿ ನೆಲೆಸಿದ್ದ ಪರದೇಶಿಗಳನ್ನೂ ಸರ್ಕಾರ ಹೀಗೆಯೇ ಎಬ್ಬಿಸಿ ಕಳಿಸಿತ್ತು. ಅವರು ಬಾಸೆಲ್ ಮಿಶನ್ನಿನ ಜರ್ಮನ್ನರು.

1833ರ ಚಾರ್ಟರ್ ಕಾಯ್ದೆ ಬ್ರಿಟಿಷೇತರ ಮಿಶನ್ನುಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷದ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. 1843ರಲ್ಲಿ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರತಂದರು. 1865ರಲ್ಲಿ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಕಟ್ಟಿದರು. 1894ರಲ್ಲಿ ಕಿಟ್ಟೆಲ್ ಅವರ ನಿಘಂಟು ಇಲ್ಲಿನ ಮುದ್ರಣಾಲಯದಿಂದಲೇ ಹೊರಬಂತು.

ಇಷ್ಟೆಲ್ಲ ಮಾಡಿದವರಿಗೆ ಇಲ್ಲಿರುವ ಹಕ್ಕು ಇತ್ತೇ? ಇರಲಿಲ್ಲ. 1864ರ ವಿದೇಶಿಯರ ಕಾಯ್ದೆಯ ಪ್ರಕಾರ ಯಾವ ವಿದೇಶಿಯನ್ನಾದರೂ ದೇಶ ಬಿಡುವಂತೆ ಸರ್ಕಾರ ಆಜ್ಞಾಪಿಸಬಹುದಿತ್ತು. ಬ್ರಿಟಿಷ್ ಪ್ರಜೆಯಾಗಲು 1852ರ ದೇಶೀಕರಣ ಕಾಯ್ದೆಯ ದಾರಿ ಇತ್ತು. ಆ ದಾರಿ ಹಿಡಿಯದವರು ಎಷ್ಟು ವರ್ಷ ಇದ್ದರೂ ಕಾನೂನಿನ ಕಣ್ಣಿಗೆ ಹೊರಗಿನವರೇ.

1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಅದೇ ತಿಂಗಳು ವಿದೇಶಿಯರ ಸುಗ್ರೀವಾಜ್ಞೆ ಬಂತು. ಬಾಸೆಲ್ ಇರುವುದು ಸ್ವಿಟ್ಜರ್ಲೆಂಡಿನಲ್ಲಿ, ಜರ್ಮನಿಯ ಗಡಿಗೆ ತಾಗಿಕೊಂಡು, ರೈನ್ ನದಿಯ ಮೇಲೆ. ಮಿಶನ್ ಸ್ವಿಸ್ಸಿನದಾದರೂ ಅದರ ಬಹುತೇಕ ಮಿಶನರಿಗಳು ಜರ್ಮನಿಯ ವ್ಯೂರ್ಟೆಂಬರ್ಗಿನವರು. ಒಂದೇ ಸಂಸ್ಥೆಯಲ್ಲಿ ಜೊತೆಗೆ ದುಡಿದವರ ನಡುವೆ ಕಾನೂನು ಗೆರೆ ಎಳೆಯಿತು. ಸ್ವಿಸ್ಸರು ತಟಸ್ಥ ದೇಶದವರೆಂದು ಆರಂಭದಲ್ಲಿ ಉಳಿದರು, ಜರ್ಮನ್ನರು ‘ಶತ್ರು ಪ್ರಜೆ’ಗಳಾದರು. ಗಂಡಸರು ಅಹಮದ್‌ನಗರದ ಬಂಧನ ಶಿಬಿರ ಸೇರಿದರು. 1915-16ರಲ್ಲಿ ‘ಗೋಲ್ಕೊಂಡ’ ಹಡಗು ಭಾರತದಲ್ಲಿದ್ದ ಜರ್ಮನ್ ಮಿಶನರಿ ಕುಟುಂಬಗಳನ್ನು ಯುರೋಪಿಗೆ ಸಾಗಿಸಿತು.

ಕಿಟ್ಟೆಲ್ 1903ರಲ್ಲೇ ತೀರಿಕೊಂಡಿದ್ದರು. ಕನ್ನಡದ ನಿಘಂಟುಕಾರನನ್ನು ಶತ್ರುವಿನ ಪಟ್ಟಿಗೆ ಸೇರಿಸುವ ಪ್ರಸಂಗ ಹಾಗಾಗಿ ಬರಲಿಲ್ಲ.

ಹಂಚಿನ ಕಾರ್ಖಾನೆಗಳನ್ನು ನಡೆಸುತ್ತಿದ್ದ ವ್ಯಾಪಾರ ಕಂಪನಿಯ ಮೂಲವೂ ಬಾಸೆಲ್ಲೇ. ಆದರೂ ತಟಸ್ಥತೆ ಅದನ್ನು ಉಳಿಸಲಿಲ್ಲ. ಅದರ ಇಲ್ಲಿನ ಆಸ್ತಿ ಸರ್ಕಾರದ ವಶವಾಗಿ, ಯುದ್ಧದ ಬೆನ್ನಿಗೆ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿತು. ಆವೆ, ಮಣ್ಣು, ಕೆಲಸಗಾರರು ಇದ್ದಲ್ಲೇ ಇದ್ದರು, ಬದಲಾದದ್ದು ಯಜಮಾನಿಕೆ.

1920ರ ದಶಕದಲ್ಲಿ ನಿರ್ಬಂಧ ಸಡಿಲವಾಗಿ ಜರ್ಮನ್ ಮಿಶನರಿಗಳು ಮರಳಿದರು. 1939ರಲ್ಲಿ ಮತ್ತೆ ಯುದ್ಧ, ಮತ್ತೆ ಬಂಧನ. ವಿದೇಶಿಯರ ನೋಂದಣಿ ಕಾಯ್ದೆ ಬಂದದ್ದು ಅದೇ ವರ್ಷ, ಹೊಸ ವಿದೇಶಿಯರ ಕಾಯ್ದೆ 1946ರಲ್ಲಿ. ಸ್ವಾತಂತ್ರ್ಯದ ನಂತರವೂ ಇವೆರಡೂ ಮುಂದುವರಿದವು. ಮಂಗಳೂರಿನ ಕಾಲೇಜಿಗೆ ಬಂದ ವಿದೇಶಿ ವಿದ್ಯಾರ್ಥಿಯ ವಾಸವನ್ನು ಬಹುಕಾಲ ನಿರ್ಧರಿಸಿದ್ದು ಇವೇ. ಇವುಗಳ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದದ್ದು 2025ರ ಸೆಪ್ಟೆಂಬರ್ 1ರಂದು.